ಹೊಲಿಯುವುದು ರಾಯದುರ್ಗ, ಹೆಸರು ಬಳ್ಳಾರಿಯದು

ಬಂಟ್ವಾಳದ ಹತ್ತಿರದ ಒಂದು ಸಣ್ಣ ಪೇಟೆಯಲ್ಲಿ ನನ್ನ ಬಾಪನಿಗೆ ಜವಳಿ ಅಂಗಡಿ ಇತ್ತು. ಮೇ ತಿಂಗಳ ಕೊನೆಗೆ, ಶಾಲೆ ಶುರುವಾಗುವ ಮೊದಲು, ಅಂಗಡಿಯ ಮುಂದೆ ಲಾರಿಯಿಂದ ಗೋಣಿ ಕಟ್ಟುಗಳು ಇಳಿಯುತ್ತಿದ್ದವು. ಬಿಚ್ಚಿದರೆ ಒಳಗೆ ಖಾಕಿ, ನೀಲಿ ಚಡ್ಡಿಗಳು, ದೊಡ್ಡವರ ಪ್ಯಾಂಟುಗಳು. ಬಾಪ ಅದನ್ನು ‘ಬಳ್ಳಾರಿ ಮಾಲು’ ಎನ್ನುತ್ತಿದ್ದರು. ಗಿರಾಕಿಗಳೂ ಹಾಗೆಯೇ ಕೇಳುತ್ತಿದ್ದರು. “ಬಳ್ಳಾರಿದು ಉಂಟಾ ಬ್ಯಾರಿಗಳೇ? ಹೊಲಿಗೆ ಬಿಡುವುದಿಲ್ಲವಲ್ಲ?” ಗೋಣಿಯ ಮೇಲೆ ಮಾತ್ರ ನೀಲಿ ಶಾಯಿಯಲ್ಲಿ ‘ರಾ.ದುರ್ಗ’ ಎಂದು ಬರೆದಿರುತ್ತಿತ್ತು. ಅದು ಲಾರಿ ಆಫೀಸಿನವರ ಗುರುತು ಎಂದು ನಾನು ತಿಳಿದಿದ್ದೆ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೊಲಿಗೆ ಯಂತ್ರಗಳ ಸರ್ವಿಸ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಬಳ್ಳಾರಿ ಕಡೆಯ ಊರುಗಳಿಗೆ ಹೋಗುವ ಪಾಳಿ ಬಂತು. ಒಂದು ದಿನ ಬಳ್ಳಾರಿಯಿಂದ ಸುಮಾರು 50 ಕಿ.ಮೀ. ದೂರದ ರಾಯದುರ್ಗಕ್ಕೆ ಹೋದೆ. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಊರು. ಬೆಟ್ಟದ ಮೇಲೆ ಕೋಟೆ, ಕೆಳಗೆ ಪೇಟೆ, ಗಲ್ಲಿಗಲ್ಲಿಯಲ್ಲೂ ಹೊಲಿಗೆ ಯಂತ್ರದ ಸದ್ದು. ಬೋರ್ಡುಗಳು ತೆಲುಗಿನಲ್ಲಿದ್ದರೂ ಮನೆಯೊಳಗೆ ಕನ್ನಡ ಕೇಳುತ್ತಿತ್ತು. ಒಂದು ಶೆಡ್ಡಿನಲ್ಲಿ ಯಂತ್ರದ ಹುಕ್ ಟೈಮಿಂಗ್ ಸರಿ ಮಾಡುತ್ತಾ ಕುಳಿತಿದ್ದಾಗ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಗಳು ಕಣ್ಣಿಗೆ ಬಿದ್ದವು. ಒಂದೊಂದು ಡಬ್ಬಿಯಲ್ಲಿ ಒಂದೊಂದು ಕಂಪನಿಯ ಲೇಬಲ್ಲು. ಪ್ಯಾಂಟು ಎಲ್ಲ ಒಂದೇ ಥಾನಿನದು, ಒಂದೇ ಕೈಯದು.

“ಇದರಲ್ಲಿ ನಿಮ್ಮ ಹೆಸರಿನ ಲೇಬಲ್ ಯಾವುದು?” ಎಂದು ಶೆಡ್ಡಿನ ಯಜಮಾನರನ್ನು ಕೇಳಿದೆ.

ಅವರು ನಕ್ಕರು. “ನಮ್ಮ ಹೆಸರು ಯಾರಿಗೆ ಬೇಕಣ್ಣ? ರೊಕ್ಕ ಯಾರು ಕೊಡ್ತಾರೋ ಅವರ ಹೆಸರು ಹೊಲೀತೀವಿ.”

ಅಂದು ನನಗೆ ಗೋಣಿಯ ಮೇಲಿನ ‘ರಾ.ದುರ್ಗ’ ನೆನಪಾಯಿತು. ನಮ್ಮ ಅಂಗಡಿಗೆ ಬರುತ್ತಿದ್ದ ಬಳ್ಳಾರಿ ಮಾಲು ಬಳ್ಳಾರಿಯದಾಗಿರಲಿಲ್ಲ. ಮಾಲು ಮಾಡಿದ ಊರು ಗೋಣಿಯ ಮೇಲೆ ಉಳಿದಿತ್ತು, ಗಿರಾಕಿಯ ಬಾಯಿಯಲ್ಲಿ ಬೇರೆ ಊರು ಕುಳಿತಿತ್ತು. ಈಗ ಎಲ್ಲರೂ ‘ಬ್ರ್ಯಾಂಡ್’ ಎಂದು ಹೇಳುವ ವಿಷಯ ಇದೇ. ಅದರ ಹಿಂದಿನ ಚರಿತ್ರೆಯನ್ನು ನಮ್ಮ ವ್ಯಾಪಾರಿ ಕುಟುಂಬಗಳು ತಿಳಿದಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಒಂದೇ ಜಿಲ್ಲೆ ಎರಡಾದಾಗ

ರಾಯದುರ್ಗದವರು ಬಳ್ಳಾರಿಯ ಹೆಸರು ಕದ್ದರು ಎಂದು ಯಾರೂ ಹೇಳುವಂತಿಲ್ಲ. ಬಳ್ಳಾರಿಯವರು ರಾಯದುರ್ಗದ ಹೆಸರು ಅಳಿಸಿದರು ಎಂದೂ ಹೇಳುವಂತಿಲ್ಲ. 1800ರಲ್ಲಿ ಹೈದರಾಬಾದ್ ನಿಜಾಮರು ಈ ಸೀಮೆಯನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆ ಹುಟ್ಟಿತು. ಮಡಕಶಿರಾ ಅನಂತಪುರದ ಪಾಲಿಗೆ ಹೋಯಿತು. ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು. ಅಂದರೆ ಅಂದು ರಾಯದುರ್ಗದ ಬಟ್ಟೆಯನ್ನು ಬಳ್ಳಾರಿ ಬಟ್ಟೆ ಎಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬಳ್ಳಾರಿ ಬ್ರಿಟಿಷರ ದೊಡ್ಡ ದಂಡಿನ ಊರು. ದಂಡು ಇದ್ದಲ್ಲಿ ಸಮವಸ್ತ್ರ ಬೇಕು, ಸಮವಸ್ತ್ರಕ್ಕೆ ದರ್ಜಿಗಳು ಬೇಕು. ಮರಾಠಿ ಮಾತನಾಡುವ ದರ್ಜಿ ಕುಟುಂಬಗಳು ಬಂದು ಅಲ್ಲಿ ನೆಲೆಸಿದವು. ದಂಡು ಹೋದರೂ ಕೈಗೆ ಬಂದ ಕೆಲಸ ಹೋಗಲಿಲ್ಲ. ಮುಂದೆ ಅವರ ಮಕ್ಕಳು ಮೊಮ್ಮಕ್ಕಳು ರೆಡಿಮೇಡ್ ಪ್ಯಾಂಟಿಗೆ ಇಳಿದರು, ಆಮೇಲೆ ಜೀನ್ಸಿಗೆ. ಬಳ್ಳಾರಿಯ ಕೆಲವರು ಬರೀ ಹೊಲಿದು ಕೊಡದೆ ಸ್ವಂತ ಹೆಸರು ಇಟ್ಟುಕೊಂಡರು. ‘ಪಾಯಿಂಟ್ ಬ್ಲ್ಯಾಂಕ್’, ‘ವಾಕರ್’, ‘ಡ್ರ್ಯಾಗನ್‌ಫ್ಲೈ’ ಮುಂತಾದ ಹೆಸರುಗಳು ಅಲ್ಲಿಂದಲೇ ಹೊರಟವು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾಯಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಎಂಬ ಮೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಸೇರಿ ಉಳಿದವು ಮೈಸೂರಿಗೆ ಬಂದವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ಮೂರು ವರ್ಷದ ನಂತರ, 1956ರಲ್ಲಿ, ಕಾಸರಗೋಡು ಕೇರಳಕ್ಕೆ ಹೋದಾಗ ಏನಾಯಿತೆಂದು ನಮ್ಮ ಮನೆಗಳಲ್ಲಿ ಗೊತ್ತು. ಅಣ್ಣ ಆಚೆ, ತಮ್ಮ ಈಚೆ. ರಾಯದುರ್ಗದಲ್ಲಿ ಆದದ್ದೂ ಹಾಗೆಯೇ.

ಗೆರೆ ಎಳೆದಾಗ ಯಂತ್ರಗಳು, ಕೈಗಳು, ನೆಂಟಸ್ತಿಕೆ ಎಲ್ಲ ಎರಡೂ ಕಡೆ ಹಂಚಿಹೋದವು. ಹೆಸರನ್ನು ಮಾತ್ರ ಹಂಚಲು ಬರುವುದಿಲ್ಲ. ಅದು ದೊಡ್ಡ ಪೇಟೆ ಇದ್ದ ಕಡೆಯೇ ಉಳಿಯಿತು. ಇಂದು ಮೊಬೈಲಿನಲ್ಲಿ ‘ರಾಯದುರ್ಗ’ ಹುಡುಕಿ ನೋಡಿ, ಹೈದರಾಬಾದಿನ ರಾಯದುರ್ಗ ಮೆಟ್ರೋ ಸ್ಟೇಷನ್ನೂ ಎದುರಿಗೆ ಬಂದು ನಿಲ್ಲುತ್ತದೆ. ಇಷ್ಟು ಪ್ಯಾಂಟು ಹೊಲಿದ ಊರಿಗೆ ತನ್ನ ಹೆಸರಿಗೂ ಪೈಪೋಟಿ.

ದರ್ಜಿ ಮತ್ತು ಜವಳಿ ವ್ಯಾಪಾರಿ

ಜೀನ್ಸ್ ಪ್ಯಾಂಟಿನ ಮೂಲ ಕಥೆಯಲ್ಲೂ ಇದೇ ಪಾಠ ಇದೆ. ಅಮೆರಿಕದ ನೆವಾಡಾ ರಾಜ್ಯದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಕೂಲಿಯವರ ಪ್ಯಾಂಟಿನ ಜೇಬು ಪದೇ ಪದೇ ಹರಿಯುತ್ತದೆಂದು ಆತ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆದ. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಬಲ ಕೊಡಬೇಕು ಎಂದು ನಮಗೆ ಡಿಪ್ಲೊಮಾದಲ್ಲಿ ಕಲಿಸಿದ್ದನ್ನೇ ಆತ ಬಟ್ಟೆಯಲ್ಲಿ ಮಾಡಿದ್ದ. ಆದರೆ ಪೇಟೆಂಟ್ ಮಾಡಿಸಲು ಕೈಯಲ್ಲಿ ಹಣ ಇರಲಿಲ್ಲ. ತಾನು ಬಟ್ಟೆ ಕೊಳ್ಳುತ್ತಿದ್ದ ಸಗಟು ವ್ಯಾಪಾರಿಗೆ ಪತ್ರ ಬರೆದ. ಆ ವ್ಯಾಪಾರಿ ಲೆವಿ ಸ್ಟ್ರಾಸ್. 1873ರ ಮೇ 20ರಂದು ಇಬ್ಬರಿಗೂ ಸೇರಿ ಪೇಟೆಂಟ್ ಸಿಕ್ಕಿತು.

ಪೇಟೆಂಟಿನ ಅವಧಿ 17 ವರ್ಷ. ಅದು ಮುಗಿದ ಮೇಲೆ ರಿವೆಟ್ ಯಾರು ಬೇಕಾದರೂ ಹೊಡೆಯಬಹುದಿತ್ತು. ಆದರೆ ಅಷ್ಟರಲ್ಲೇ, 1886ರಿಂದ, ಲೆವಿ ಕಂಪನಿ ಪ್ಯಾಂಟಿನ ಹಿಂದೆ ಚರ್ಮದ ಪಟ್ಟಿ ಹಚ್ಚುತ್ತಿತ್ತು. ಅದರ ಮೇಲೆ ಎರಡು ಕುದುರೆಗಳು ಒಂದು ಪ್ಯಾಂಟನ್ನು ಎರಡು ಕಡೆಗೆ ಎಳೆಯುವ ಚಿತ್ರ. ಓದಲು ಬಾರದ ಕೂಲಿಯವನೂ ‘ಕುದುರೆ ಪ್ಯಾಂಟು ಕೊಡಿ’ ಎನ್ನಬಹುದಿತ್ತು. ರಿವೆಟ್ ಎಲ್ಲರದಾಯಿತು, ಕುದುರೆ ಮಾತ್ರ ಅವರದೇ ಉಳಿಯಿತು. ಯೋಚನೆ ದರ್ಜಿಯದು, ಆದರೆ ಪ್ರಪಂಚ ಇಂದಿಗೂ ಹೇಳುವುದು ವ್ಯಾಪಾರಿಯ ಹೆಸರನ್ನು.

ಇದನ್ನು ಮೋಸ ಎಂದು ನಾನು ಹೇಳುತ್ತಿಲ್ಲ. ಡೇವಿಸ್ ಆ ಕಂಪನಿಯಲ್ಲೇ ಸೇರಿ ಹೊಲಿಗೆಯ ಉಸ್ತುವಾರಿ ನೋಡಿಕೊಂಡ. ಆದರೆ ಕೆಲಸ ಮತ್ತು ಹೆಸರು ಎರಡು ಬೇರೆ ಆಸ್ತಿಗಳು ಎಂಬುದು ಇದರಿಂದ ಗೊತ್ತಾಗುತ್ತದೆ. ಕೆಲಸ ಬಲ್ಲವನು ಹೆಸರನ್ನು ನಿರ್ಲಕ್ಷ್ಯ ಮಾಡಿದರೆ ಅದನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಾನೆ.

ಮಡಕಶಿರಾದ ಕಲ್ಲುಕಂಬಗಳು

ಅದೇ ಕೆಲಸದ ಮೇಲೆ ಹಿಂದೂಪುರಕ್ಕೆ ಹೋದಾಗ ಒಂದು ಭಾನುವಾರ ಮಡಕಶಿರಾ ಕಡೆ ಹೋದೆ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹಳೆಯ ಮಡಕಶಿರಾ ತಾಲೂಕು ತುಮಕೂರು ಜಿಲ್ಲೆಯೊಳಗೆ ಚಾಚಿಕೊಂಡ ನಾಲಿಗೆಯ ಹಾಗಿದೆ. ಅಗಳಿ, ರೊಳ್ಳ, ಗುಡಿಬಂಡ, ಅಮರಾಪುರಂ ಕಡೆ ಕನ್ನಡವೇ ಮನೆಮಾತು. ಅಡಕೆ ತೋಟ, ಹಿಪ್ಪುನೇರಳೆ, ರೇಷ್ಮೆಗೂಡು. ಗೂಡು ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ. ನೂಲಾಗಿ, ಸೀರೆಯಾಗಿ ಬರುವಾಗ ಅದರ ಮೇಲೆ ಬೇರೆ ಊರಿನ ಹೆಸರು. ಅನಂತಪುರ ಸೀಮೆಯದೇ ಆದ ಧರ್ಮಾವರಂ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಗೂಡು ಬೆಳೆದ ಹಳ್ಳಿಗಳ ಹೆಸರನ್ನು ಯಾರೂ ಕೇಳುವುದಿಲ್ಲ.

ಅಮರಾಪುರಂ ಮಂಡಲದಲ್ಲಿ ಹೇಮಾವತಿ ಎಂಬ ಹಳ್ಳಿ ಇದೆ. ಹಳೆಯ ಹೆಸರು ಹೆಂಜೇರು. ನೊಳಂಬವಾಡಿ 32000 ಎಂಬ ನಾಡನ್ನು ಆಳಿದ ನೊಳಂಬರ ರಾಜಧಾನಿ ಅದು. 8ರಿಂದ 11ನೇ ಶತಮಾನದವರೆಗೆ ಅವರ ಕಾಲ. ಅಲ್ಲಿನ ದೇವಸ್ಥಾನಗಳಲ್ಲಿ ಕಪ್ಪು ಕಲ್ಲಿನ ಕಂಬಗಳನ್ನು ನೋಡಿದೆ. ನಯಗಾರಿಕೆ ನೋಡಿದರೆ ಲೇತಿನಲ್ಲಿ ತಿರುಗಿಸಿದ ಶಾಫ್ಟಿನ ನೆನಪಾಗುತ್ತದೆ. ಇವು ಎಷ್ಟು ಹೆಸರುವಾಸಿಯಾಗಿದ್ದವು ಎಂದರೆ, ಚೋಳರು ಈ ಸೀಮೆಯನ್ನು ಗೆದ್ದಾಗ ನೊಳಂಬರ ಕಂಬಗಳನ್ನು ತಂಜಾವೂರಿನ ಹತ್ತಿರದ ತಿರುವೈಯಾರಿಗೆ ಸಾಗಿಸಿ ಅಲ್ಲಿನ ದೇವಸ್ಥಾನದಲ್ಲಿ ನಿಲ್ಲಿಸಿದರು. ತಂಜಾವೂರಿನ ದೊಡ್ಡ ಗುಡಿಯನ್ನೇ ಕಟ್ಟಿದ ಚೋಳರಿಗೆ ಶಿಲ್ಪಿಗಳ ಬರವೇನೂ ಇರಲಿಲ್ಲ. ಆದರೂ ಅಷ್ಟು ದೂರದಿಂದ ಕಲ್ಲು ಹೊರಿಸಿದರು.

ಇಂದು ತಿರುವೈಯಾರಿನಲ್ಲಿ ಆ ಕಂಬಗಳನ್ನು ನೋಡಿದ ತಜ್ಞರು ಇವು ನೊಳಂಬರದ್ದು ಎಂದು ಗುರುತಿಸುತ್ತಾರೆ. ಸಾವಿರ ವರ್ಷವಾದರೂ ಕೈಗುರುತು ಅಳಿದಿಲ್ಲ. ಇದು ಒಳ್ಳೆಯ ಕೆಲಸಕ್ಕೆ ಇರುವ ಶಕ್ತಿ. ಆದರೆ ಗುರುತಿಸುವವರು ತಜ್ಞರು ಮಾತ್ರ. ಅದೇ ಹಿಂದೂಪುರದ ಪಕ್ಕದ ಲೇಪಾಕ್ಷಿಯನ್ನು ನೋಡಿ. 16ನೇ ಶತಮಾನದ ಆ ದೇವಸ್ಥಾನದ ಊರಿನ ಹೆಸರನ್ನು ಆಂಧ್ರ ಸರ್ಕಾರ ತನ್ನ ಕರಕುಶಲ ವಸ್ತುಗಳ ಅಂಗಡಿಗಳಿಗೆ ಇಟ್ಟಿತು. ಕೊಂಡಪಲ್ಲಿಯ ಗೊಂಬೆ ಕೊಳ್ಳುವವರ ಚೀಲದ ಮೇಲೂ ಲೇಪಾಕ್ಷಿ ಎಂದಿರುತ್ತದೆ. ಒಂದು ಹೆಸರನ್ನು ಯಾರೋ ಎತ್ತಿ, ಒಂದೇ ರೀತಿಯಲ್ಲಿ, ಮತ್ತೆ ಮತ್ತೆ ಹೇಳಿದರು. ಹೇಮಾವತಿಯದನ್ನು ಹೇಳಲಿಲ್ಲ. ಒಳ್ಳೆಯ ಕೆಲಸ ಹೆಸರಿಗೆ ಅಡಿಪಾಯ. ಆದರೆ ಅಡಿಪಾಯ ಹಾಕಿದ ಮಾತ್ರಕ್ಕೆ ಮನೆ ಎದ್ದು ನಿಲ್ಲುವುದಿಲ್ಲ.

ಮನುಷ್ಯರ ಹೆಸರೂ ಹಾಗೆಯೇ

ಅಂಗಡಿಗೆ ಮಾತ್ರವಲ್ಲ, ಮನುಷ್ಯನಿಗೂ ಈ ಮಾತು ಅನ್ವಯ. ಬಳ್ಳಾರಿ ರಾಘವ ಎಂಬ ದೊಡ್ಡ ರಂಗನಟರ ಹೆಸರು ಕೇಳಿರಬಹುದು (1880-1946). ವೃತ್ತಿಯಲ್ಲಿ ವಕೀಲರು. ಅವರು ಹುಟ್ಟಿದ್ದು ಅನಂತಪುರ ಸೀಮೆಯ ತಾಡಿಪತ್ರಿಯಲ್ಲಿ. ವಕೀಲಿಯೂ ನಾಟಕವೂ ನಡೆದದ್ದು ಬಳ್ಳಾರಿಯಲ್ಲಿ. ಹಾಗಾಗಿ ಪ್ಯಾಂಟಿನ ಹಾಗೆ ಅವರ ಮೇಲೂ ಬಳ್ಳಾರಿಯ ಹೆಸರೇ ನಿಂತಿತು.

ಇನ್ನೊಬ್ಬರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893-1979). ಕಲ್ಯಾಣದುರ್ಗದ ಕಡೆಯ ರಾಳ್ಳಪಲ್ಲಿ ಎಂಬ ಸಣ್ಣ ಹಳ್ಳಿಯವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಮಾಡಿದರು, ಮುಂದೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದರು. ಮೈಸೂರಿನಲ್ಲಿದ್ದರೂ ತಿರುಪತಿಯಲ್ಲಿದ್ದರೂ ಹಳ್ಳಿಯ ಹೆಸರನ್ನು ಬಿಡಲಿಲ್ಲ. ಭೂಪಟದಲ್ಲಿ ಹುಡುಕಬೇಕಾದ ಹಳ್ಳಿ ಸಂಗೀತ ಬಲ್ಲವರಿಗೆಲ್ಲ ಗೊತ್ತಾಯಿತು.

ನಮ್ಮಲ್ಲೂ ಇದೆ. ಬೊಳುವಾರು ಎಂದರೆ ಪುತ್ತೂರಿನ ಒಂದು ಭಾಗ, ಕಟ್ಪಾಡಿ ಎಂದರೆ ಉಡುಪಿಯ ಹತ್ತಿರದ ಪೇಟೆ. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಎಂದು ಓದಿ ಓದಿ, ಬೆಂಗಳೂರಿನವರಿಗೂ ಧಾರವಾಡದವರಿಗೂ ಆ ಊರುಗಳು ಪರಿಚಯವಾದವು. ಊರು ಇವರಿಗೆ ಹೆಸರು ಕೊಟ್ಟಿತು, ಇವರು ಅದನ್ನು ದೊಡ್ಡದು ಮಾಡಿ ಊರಿಗೆ ಹಿಂದಿರುಗಿಸಿದರು.

ನಮ್ಮ ಮಾಡಿನ ಹಂಚು, ನಮ್ಮ ಮನೆಯ ಬೀಡಿ

ಮನೆಯ ಮಾಡಿನ ಹಂಚನ್ನು ಒಮ್ಮೆ ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು ಮಣ್ಣಿನಲ್ಲೇ ಒತ್ತಿರುತ್ತದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾಯಿತು. ಅದನ್ನು ನೋಡಿ ಊರವರೂ ಕಾರ್ಖಾನೆ ಹಾಕಿದರು. ಎಲ್ಲರೂ ಹಸಿ ಮಣ್ಣಿನಲ್ಲೇ ಹೆಸರು ಒತ್ತಿದರು. ಸುಟ್ಟ ಮೇಲೆ ಅದನ್ನು ಕೆರೆದು ತೆಗೆಯಲು ಆಗುವುದಿಲ್ಲ. ಲೇಬಲ್ ಕಿತ್ತು ಬೇರೆ ಲೇಬಲ್ ಹಚ್ಚುವ ಪ್ರಶ್ನೆಯೇ ಇಲ್ಲ. ಹಡಗು ಹತ್ತಿ ಹೋದ ಹಂಚೂ ‘ಮಂಗಳೂರು ಹಂಚು’ ಆಗಿಯೇ ಉಳಿಯಿತು.

ಇನ್ನು ಬೀಡಿ. ನಮ್ಮ ಎಷ್ಟೋ ಮನೆಗಳಲ್ಲಿ ಉಮ್ಮಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ನನ್ನ ಡಿಪ್ಲೊಮಾದ ಫೀಸಿನಲ್ಲೂ ನನ್ನ ಉಮ್ಮನ ಬೀಡಿಯ ಪಾಲು ಇದೆ. ಎಲೆ, ತಂಬಾಕು ಬ್ರ್ಯಾಂಚಿನಿಂದ ಬರುತ್ತಿತ್ತು. ಕಟ್ಟಿದ ಬೀಡಿ ವಾಪಸ್ ಹೋಗುತ್ತಿತ್ತು. ಲೇಬಲ್ ಹಚ್ಚುವುದು ಬೇರೆ ಕಡೆ. ರಾಯದುರ್ಗದ ಶೆಡ್ಡಿಗೂ ನಮ್ಮ ಜಗಲಿಗೂ ಏನು ವ್ಯತ್ಯಾಸ?

ಆ ಲೇಬಲಿನ ಬೆಲೆ ಎಷ್ಟು ಎಂದು ಗೊತ್ತಾಗಲು ಒಂದು ಕೋರ್ಟು ಕೇಸು ಓದಬೇಕು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನ ಪಾಲುದಾರಿಕೆ ವಿಸರ್ಜನೆಯಾಗಿ, 1994ರಲ್ಲಿ ನಡೆಯುತ್ತಿದ್ದ ವ್ಯಾಪಾರವೇ ಪಾಲುದಾರರ ನಡುವೆ ಹರಾಜಾಯಿತು. ಗೆದ್ದ ಬಿಡ್ 92 ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಭಾಗ ಟ್ರೇಡ್‌ಮಾರ್ಕಿನಂಥ ಹಕ್ಕುಗಳದ್ದು. ಕೊಂಡವರು ಆ ಹಕ್ಕುಗಳಿಗೆ ಯಂತ್ರಕ್ಕೆ ಸಿಗುವ ಹಾಗೆ ಸವಕಳಿ ಕೇಳಿದರು. ತೆರಿಗೆ ಇಲಾಖೆ ಒಪ್ಪಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2015ರಲ್ಲಿ ಕೋರ್ಟು ಕೊಂಡವರ ಪರವಾಗಿ ಹೇಳಿತು: ಈ ವ್ಯಾಪಾರಕ್ಕೆ ಟ್ರೇಡ್‌ಮಾರ್ಕ್ ಕೂಡ ಯಂತ್ರ ಸಾಮಗ್ರಿಯ ಹಾಗೆ ಒಂದು ಸಾಧನವೇ.

ಯಂತ್ರ ರಿಪೇರಿ ಮಾಡಿ ಬದುಕುವ ನನಗೆ ಈ ತೀರ್ಪು ತಲೆಯಲ್ಲಿ ಕುಳಿತಿದೆ. ಹೆಸರೂ ಒಂದು ಯಂತ್ರ. ಅದಕ್ಕೂ ಎಣ್ಣೆ ಹಾಕಬೇಕು, ಅದರ ಕಾಗದಪತ್ರ ಇಟ್ಟುಕೊಳ್ಳಬೇಕು.

ಬಾಪನ ಕೆಂಪು ಪಟ್ಟಿ

ನಾನು ಚಿಕ್ಕವನಿದ್ದಾಗ ಬಾಪ ಒಂದು ಕೆಲಸ ಶುರು ಮಾಡಿದ್ದರು. ಕಟ್ಟಿನಿಂದ ತೆಗೆದ ಪ್ರತಿ ಚಡ್ಡಿಯನ್ನೂ ಒಳಗೆ ಹೊರಗೆ ನೋಡಿ, ಸಡಿಲ ಹೊಲಿಗೆ ಇದ್ದರೆ ಪಕ್ಕದ ಟೈಲರ್ ಹತ್ತಿರ ಮತ್ತೆ ಹೊಲಿಸಿ, ಸೊಂಟದ ಒಳಗಡೆ ಒಂದು ಕೆಂಪು ಬಟ್ಟೆಯ ಪಟ್ಟಿ ಹಾಕಿಸುತ್ತಿದ್ದರು. “ಈ ವರ್ಷ ಹೊಲಿಗೆ ಬಿಟ್ಟರೆ ತನ್ನಿ, ದುಡ್ಡಿಲ್ಲದೆ ಹೊಲಿಸಿ ಕೊಡುತ್ತೇನೆ” ಎನ್ನುತ್ತಿದ್ದರು. ಎರಡು ಮೂರು ವರ್ಷದಲ್ಲಿ ಸುತ್ತಿನ ಊರುಗಳಿಂದ ‘ಕೆಂಪು ಪಟ್ಟಿಯ ಚಡ್ಡಿ’ ಕೇಳಿಕೊಂಡು ಜನ ಬರತೊಡಗಿದರು. ಬಾಪನಿಗೆ ಬ್ರ್ಯಾಂಡ್ ಎಂಬ ಶಬ್ದ ಗೊತ್ತಿರಲಿಲ್ಲ.

ಆಮೇಲೆ ಒಬ್ಬ ಸಗಟು ವ್ಯಾಪಾರಿ ಅದೇ ಕೆಂಪು ಪಟ್ಟಿ ಹಾಕಿ ಅಗ್ಗದ ಮಾಲನ್ನು ಎಲ್ಲ ಅಂಗಡಿಗಳಿಗೂ ಹಂಚಿದ. ಆ ಮಳೆಗಾಲವಿಡೀ ಜನ ಹರಿದ ಚಡ್ಡಿ ಹಿಡಿದು ನಮ್ಮ ಅಂಗಡಿಗೆ ಬಂದರು. ನಾವು ಮಾರಿದ್ದಲ್ಲ ಎಂದು ಬಾಪನಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಆದರೂ ಹೊಲಿಸಿಕೊಟ್ಟರು. “ಮೋನೇ, ಅವರು ನಂಬಿ ಬಂದದ್ದು ನನ್ನನ್ನು” ಎಂದರು. ಮರುವರ್ಷ ಕೆಂಪು ಪಟ್ಟಿ ನಿಲ್ಲಿಸಿದರು. ಕೇಳಲು ಹೋಗೋಣ ಎಂದರೆ ನಮ್ಮ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಟೈಲರಿಗೆ ಕೊಟ್ಟ ಕೂಲಿಗೂ ಬಿಲ್ಲಿಲ್ಲ.

ನಮ್ಮ ಸಮುದಾಯದ ಹೆಸರೇ ವ್ಯಾಪಾರದಿಂದ ಬಂದದ್ದು ಎನ್ನುತ್ತಾರೆ. ತುಳುವಿನ ‘ಬ್ಯಾರ’ ಎಂದರೆ ವ್ಯಾಪಾರ, ಅದರಿಂದ ಬ್ಯಾರಿ ಎಂಬುದು ಹೆಚ್ಚಿನವರು ಒಪ್ಪುವ ಮಾತು. ಬೇರೆ ವಿವರಣೆಗಳೂ ಇವೆ. ಒಂದು ಕಾಲಕ್ಕೆ ಆ ಶಬ್ದವನ್ನು ಕೆಲವರು ಹಗುರವಾಗಿ ಹೇಳುತ್ತಿದ್ದರು, ನಮ್ಮವರೇ ಹೇಳಿಕೊಳ್ಳಲು ನಾಚುತ್ತಿದ್ದರು. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ‘ಬ್ಯಾರಿ’ ಎಂಬ ಹೆಸರಿನದೇ ಚಲನಚಿತ್ರ 2011ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತು. ಹೆಸರು ಅದೇ, ಅದನ್ನು ಹೇಳುವ ದನಿ ಬದಲಾಯಿತು. ಅಂಗಡಿಯ ಹೆಸರಿಗೂ ಹೀಗೆಯೇ ದನಿ ಕೊಡಬೇಕಾದವರು ನಾವು.

ಮಾಡಬೇಕಾದದ್ದು ಬಹಳ ಇಲ್ಲ. ಮೊದಲು ಮಾಲು ಸರಿ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಅಂಗಡಿಗೂ ಮಾಲಿಗೂ ಒಂದು ಹೆಸರು, ಒಂದು ಚಿತ್ರ ಇಟ್ಟುಕೊಂಡು ಬೋರ್ಡು, ಬಿಲ್ಲು, ಚೀಲ ಎಲ್ಲದರ ಮೇಲೂ ಅದನ್ನೇ ಹಾಕಿ. ವರ್ಷಕ್ಕೊಂದು ಬದಲಾಯಿಸಬೇಡಿ. ಹೆಸರಿರುವ ಬಿಲ್ಲು, ಪ್ರೆಸ್ಸಿನ ರಸೀದಿ, ಹಳೆಯ ಫೋಟೋ ಕಾಪಾಡಿ. ನೋಂದಣಿ ಆಗದಿದ್ದರೂ ಮೊದಲು ಬಳಸಿದವನಿಗೆ ಕಾನೂನಿನಲ್ಲಿ ಹಕ್ಕಿದೆ, ಆದರೆ ಸಾಬೀತು ಮಾಡಬೇಕು. ಸಾಧ್ಯವಿದ್ದರೆ ನೋಂದಣಿಯನ್ನೇ ಮಾಡಿಸಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆ 2003ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಸಿದ್ಧ ಉಡುಪು 25ನೇ ವರ್ಗ. ನೋಂದಣಿ ಆದರೆ 10 ವರ್ಷ ಬಾಳುತ್ತದೆ, ಮತ್ತೆ ನವೀಕರಿಸಬಹುದು. ಒಂದು ಮದುವೆ ಮನೆಯ ಲೈಟಿಂಗಿಗೆ ನಾವು ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತೇವೆ.

ಕಳೆದ ಬಾರಿ ರಾಯದುರ್ಗಕ್ಕೆ ಹೋದಾಗ ಆ ಶೆಡ್ಡಿನ ಯಜಮಾನರಿಗೆ ಎರಡು ಡಜನ್ ಪ್ಯಾಂಟಿಗೆ ಆರ್ಡರ್ ಕೊಟ್ಟೆ. ಲೇಬಲ್ ನಾನೇ ಮಾಡಿಸಿ ಒಯ್ದಿದ್ದೆ. ಅದರಲ್ಲಿ ಅವರ ಹೆಸರು, ಕೆಳಗೆ ‘ರಾಯದುರ್ಗ’. “ಇದನ್ನ ಯಾರು ತಗೋತಾರಣ್ಣ?” ಎಂದು ಅವರು ಮತ್ತೆ ನಕ್ಕರು. ಆದರೆ ಒಂದು ಲೇಬಲನ್ನು ಕೈಯಲ್ಲಿ ಹಿಡಿದುಕೊಂಡು ಮಗನನ್ನು ಕರೆದು ತೋರಿಸಿದರು. ಹೊಲಿಗೆ ಎಂದಿಗಿಂತ ಒತ್ತಾಗಿ ಬಂದಿತ್ತು.

ಕಟ್ಟನ್ನು ಮನೆಗೆ ತಂದು ಬಾಪನ ಮುಂದೆ ಬಿಚ್ಚಿದೆ. ಅವರು ಮೊದಲು ಲೇಬಲ್ ನೋಡಲಿಲ್ಲ. ಪ್ಯಾಂಟನ್ನು ತಿರುವಿ ಸೊಂಟದ ಒಳಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಹೆಸರು ಓದಿದರು.

“ಹಾಕಬಹುದು” ಎಂದರು.